ಚರಂಡಿಗೆ ಹೋಗುವ ಬಿತ್ತನೆ

ರಾಮನಗರ ಸೀಮೆಯ ಮರಳವಾಡಿ ಕಡೆಯ ರೈತನ ಮನೆಯಲ್ಲಿ ಬಿತ್ತನೆಗೆಲ್ಲ ಒಂದೇ ಲೆಕ್ಕ ಇರುವುದಿಲ್ಲ. ರಾಗಿಯನ್ನು ತನ್ನ ಹೊಲದ ಒಳ್ಳೆಯ ತೆನೆಯಿಂದಲೇ ಆರಿಸಿ ಎತ್ತಿಟ್ಟುಕೊಳ್ಳುತ್ತಾನೆ. ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ ಅದು, ಹಾಗಾಗಿ ಮುಂದಿನ ವರ್ಷವೂ ತಾಯಿಯಂತೆಯೇ ಬರುತ್ತದೆ. ಮುಸುಕಿನ ಜೋಳದ ಹೈಬ್ರಿಡ್ ಬೀಜವನ್ನು ವರ್ಷವರ್ಷವೂ ಅಂಗಡಿಯಿಂದ ತರುತ್ತಾನೆ. ಹೊಲದಲ್ಲಿ ಬಂದ ಕಾಳನ್ನೇ ಬಿತ್ತಿದರೆ ತಳಿ ಒಡೆಯುತ್ತದೆಂದು ಅವನಿಗೆ ಗೊತ್ತು. ರೇಷ್ಮೆ ಮೊಟ್ಟೆಯನ್ನಂತೂ ಬೆಳೆ ಬೆಳೆಗೂ ಹೊಸದಾಗಿಯೇ ತರಬೇಕು. ಯಾವುದನ್ನು ಉಳಿಸಬೇಕು, ಯಾವುದನ್ನು ಕೊಳ್ಳಬೇಕು ಎಂಬುದನ್ನು ಆಯಾ ಜೀವದ ಸ್ವಭಾವ ನೋಡಿ ಆತ ತೀರ್ಮಾನಿಸುತ್ತಾನೆ.

ಬಿಯರ್ ಮಾಡುವ ಹವ್ಯಾಸಿಗಳ ನಡುವೆ ಬೇರೂರಿರುವ ನಂಬಿಕೆಯಲ್ಲಿ ಈ ವಿವೇಚನೆ ಇಲ್ಲ. ಪ್ರತಿ ಸಲವೂ ಹೊಸ ಯೀಸ್ಟ್ ಪ್ಯಾಕೆಟ್ ಒಡೆಯಬೇಕು, ಬಿಯರ್ ಆದಮೇಲೆ ಪಾತ್ರೆಯ ತಳದಲ್ಲಿ ಕೂತ ಯೀಸ್ಟಿನ ಗಷ್ಟನ್ನು ತೊಳೆದು ಚೆಲ್ಲಬೇಕು, ಅದು ಕೊಳಕು, ಮುದಿಯಾದದ್ದು, ಗುಣಗೆಟ್ಟದ್ದು ಎಂದು ಹೊಸಬರಿಗೆ ಮೊದಲ ಪಾಠದಲ್ಲೇ ಹೇಳಿಕೊಡಲಾಗುತ್ತಿದೆ. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ ಮನೆಯಲ್ಲಿ ಬಿಯರ್ ಮಾಡಿಕೊಳ್ಳುವುದಕ್ಕೆ ದಾರಿಯಾಯಿತು. ಅಲ್ಲಿ ನೆಲೆಸಿದ ಕನ್ನಡಿಗರೂ ಈ ಹವ್ಯಾಸಕ್ಕೆ ಇಳಿದರೆ ಮೊದಲು ಕಿವಿಗೆ ಬೀಳುವ ಬುದ್ಧಿಮಾತು ಇದೇ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಪರವಾನಗಿ ಇಲ್ಲದೆ ಮದ್ಯ ತಯಾರಿಸಲು ಬಿಡುವುದಿಲ್ಲ. ಹಾಗಾಗಿ ಇಲ್ಲಿ ಈ ಪ್ರಶ್ನೆ ಬೆಂಗಳೂರಿನ ಪರವಾನಗಿ ಪಡೆದ ಮೈಕ್ರೋಬ್ರೂವರಿಗಳದ್ದು, ಅಲ್ಲಿ ಕೆಲಸ ಕಲಿಯುತ್ತಿರುವ ಹುಡುಗರದ್ದು. ಆದರೆ ಇದೇ ನಂಬಿಕೆ ಬೇರೆ ವೇಷದಲ್ಲಿ ಅಡುಗೆಮನೆಗೂ ಬಂದಿದೆ. ನಿನ್ನೆಯ ಹಿಟ್ಟನ್ನು ಇವತ್ತಿನದಕ್ಕೆ ಬೆರೆಸಬೇಡಿ, ಹಳೆಯ ಹೆಪ್ಪು ಬೇಡ, ಪ್ಯಾಕೆಟ್ ತನ್ನಿ, ಸೋಡಾ ಹಾಕಿ ಎನ್ನುವ ಸಲಹೆಗಳ ಹಿಂದೆಯೂ ಹಿಂದಿನ ಸಲದ್ದೆಲ್ಲ ಕೆಟ್ಟದ್ದು ಎಂಬ ಅದೇ ಅಂಜಿಕೆ ಇದೆ.

ಈ ನಂಬಿಕೆ ತಪ್ಪು. ಅದನ್ನು ಮೃದುವಾಗಿ ಹೇಳುವ ಅಗತ್ಯವೂ ಇಲ್ಲ, ಏಕೆಂದರೆ ಬಿಯರ್ ಎಂಬ ಪಾನೀಯ ಇವತ್ತಿನ ರುಚಿಗೆ ಬಂದದ್ದೇ ಗಷ್ಟನ್ನು ಚೆಲ್ಲದೆ ಉಳಿಸಿಕೊಂಡವರಿಂದ.

ಪ್ಯಾಕೆಟ್ ಪಕ್ಷದವರ ವಾದದಲ್ಲಿ ಬಲವಾದದ್ದು ಯಾವುದೋ ಅದನ್ನೇ ಮೊದಲು ನೋಡಬೇಕು, ಮತ್ತು ಅದನ್ನು ನೋಡಲು ರಾಮನಗರಕ್ಕಿಂತ ಒಳ್ಳೆಯ ಜಾಗವಿಲ್ಲ. ರಾಮನಗರದ ಗೂಡಿನ ಮಾರುಕಟ್ಟೆಗೆ ಬರುವ ಹಳದಿ ಗೂಡು ಮಿಶ್ರತಳಿಯದ್ದು. ತಾಯಿ ಶುದ್ಧ ಮೈಸೂರು ತಳಿ, ತಂದೆ ದ್ವಿತಳಿ. ಆ ಗೂಡಿನಿಂದ ಚಿಟ್ಟೆ ಬರಿಸಿ ಮೊಟ್ಟೆ ಇಡಿಸಿದರೆ ಮುಂದಿನ ಹುಳುಗಳು ಒಂದರಂತೆ ಒಂದು ಇರುವುದಿಲ್ಲ, ಇಳುವರಿ ನೆಲ ಕಚ್ಚುತ್ತದೆ. ಅದಕ್ಕಿಂತ ದೊಡ್ಡ ಭಯ ಗಂಟುರೋಗದ್ದು, ಪೆಬ್ರಿನ್ ಎನ್ನುತ್ತಾರಲ್ಲ ಅದು. ತಾಯಿಗೆ ರೋಗವಿದ್ದರೆ ಮೊಟ್ಟೆಯೊಳಗೇ ಸೇರಿಕೊಂಡು ಮರಿಗೆ ಬರುತ್ತದೆ. ಒಂದು ಮನೆಯ ಹುಳು ಮಾತ್ರವಲ್ಲ, ಊರಿನ ಹುಳುವೆಲ್ಲ ಹೋಗಬಹುದು. ಹಾಗಾಗಿ ಬೆಳೆಗಾರ ರೋಗರಹಿತ ಮೊಟ್ಟೆಯನ್ನು ಬಿತ್ತನೆ ಕೋಠಿಯಿಂದ ತರುತ್ತಾನೆ, ಇಲ್ಲವೇ ಚಾಕಿ ಹುಳು, ಅಂದರೆ ಎಳೆಯ ಹುಳು ತರುತ್ತಾನೆ. ಕರ್ನಾಟಕದಲ್ಲಿ ರೇಷ್ಮೆ ಬಿತ್ತನೆಗೆಂದೇ 1959ರ ಕಾಯ್ದೆಯೊಂದಿದೆ. ಇಂಥ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಪ್ರತಿ ಬೆಳೆಗೂ ಹೊಸ ಬಿತ್ತನೆ ಎಂಬ ಮಾತು ಸಹಜವಾಗಿಯೇ ಸರಿಯೆನಿಸುತ್ತದೆ.

ಆದರೆ ಆ ಶುದ್ಧ ಮೈಸೂರು ತಾಯಿ ಎಲ್ಲಿಂದ ಬರುತ್ತಾಳೆ? ಮಾಗಡಿ, ಕುಣಿಗಲ್ ಕಡೆಯ ಬಿತ್ತನೆ ಪ್ರದೇಶದಿಂದ. ಅಲ್ಲಿ ಆ ತಳಿಯನ್ನು ತಲೆಮಾರಿನಿಂದ ತಲೆಮಾರಿಗೆ ಉಳಿಸಿಕೊಂಡೇ ಬರಲಾಗಿದೆ. ಚೆಲ್ಲಿ ಹೊಸದು ತರುವ ಪ್ರಶ್ನೆಯೇ ಅಲ್ಲಿಲ್ಲ, ತರಲು ಬೇರೆ ಜಾಗವೂ ಇಲ್ಲ. ಉಳಿಸುವ ವಿಧಾನ ಇಷ್ಟು: ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಾರೆ. ಗಂಟುರೋಗದ ಕಣ ಕಂಡರೆ ಆ ಮೊಟ್ಟೆಯನ್ನು ಸುಡುತ್ತಾರೆ, ಕಾಣದಿದ್ದರೆ ಇಟ್ಟುಕೊಳ್ಳುತ್ತಾರೆ. ನೋಡಿ ಉಳಿಸುವ ಈ ಪದ್ಧತಿಯನ್ನು ಜಗತ್ತಿಗೆ ಕೊಟ್ಟವನು ಲೂಯಿ ಪಾಶ್ಚರ್. 1865ರಲ್ಲಿ ದಕ್ಷಿಣ ಫ್ರಾನ್ಸಿನ ಆಲೆಸ್ ಪಟ್ಟಣಕ್ಕೆ ಹೋಗಿ, ಐದು ವರ್ಷ ಹುಳುಗಳ ಜತೆ ಒದ್ದಾಡಿ, 1870ರಲ್ಲಿ ಅದರ ಮೇಲೊಂದು ಪುಸ್ತಕ ಪ್ರಕಟಿಸಿದ.

ಅದೇ ಪಾಶ್ಚರ್ ಮರುವರ್ಷವೇ ಬಿಯರಿಗೆ ಕೈಹಾಕಿದ. 1871ರಲ್ಲಿ ಲಂಡನ್ನಿನ ವಿಟ್‌ಬ್ರೆಡ್ ಬಿಯರ್ ಕಾರ್ಖಾನೆಗೆ ಹೋಗಿ ಅವರ ಯೀಸ್ಟನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿ, ಇದರಲ್ಲಿ ಬೇಡದ ಜೀವಿಗಳು ಸೇರಿವೆ, ನಿಮ್ಮ ಬಿಯರ್ ಕೆಡುವುದು ಇದರಿಂದಲೇ ಎಂದ. ಕಾರ್ಖಾನೆಯವರು ಮಾಡಿದ್ದೇನು? ಕೆಲವೇ ದಿನಗಳಲ್ಲಿ ಒಂದು ಸೂಕ್ಷ್ಮದರ್ಶಕ ಕೊಂಡರು. ಒಂದು ಸಲದ ಬಿಯರಿನಿಂದ ತೆಗೆದ ಯೀಸ್ಟನ್ನು ಮುಂದಿನದಕ್ಕೆ ಹಾಕುವ ರೂಢಿಯನ್ನು ಅವರು ಬಿಡಲಿಲ್ಲ. ಬಿಡಿ ಎಂದು ಪಾಶ್ಚರ್ ಹೇಳಲೂ ಇಲ್ಲ. ನೋಡಿ, ಒಳ್ಳೆಯದನ್ನು ಉಳಿಸಿ, ಕೆಟ್ಟದ್ದನ್ನು ಬಿಡಿ ಎಂದು ರೇಷ್ಮೆಯವರಿಗೆ ಹೇಳಿದ್ದನ್ನೇ ಬಿಯರಿನವರಿಗೂ ಹೇಳಿದ. 1876ರಲ್ಲಿ ಬಿಯರ್ ಕುರಿತ ಪುಸ್ತಕವೂ ಬಂತು. ಹೊಸ ಪ್ಯಾಕೆಟ್ ಒಂದೇ ವೈಜ್ಞಾನಿಕ ಮಾರ್ಗ ಎನ್ನುವವರು ವಿಜ್ಞಾನದ ಹೆಸರಿನಲ್ಲಿ ಮಾತಾಡುವಾಗ, ಆ ವಿಜ್ಞಾನವನ್ನು ಕಟ್ಟಿದವನು ಚೆಲ್ಲಲು ಹೇಳಿರಲಿಲ್ಲ ಎಂಬುದನ್ನು ಮರೆತಿರುತ್ತಾರೆ.

ಹೈಬ್ರಿಡ್ ಹುಳುವಿನ ನ್ಯಾಯವನ್ನು ಯೀಸ್ಟಿಗೆ ಅನ್ವಯಿಸಲು ಆಗದಿರುವುದಕ್ಕೆ ಇನ್ನೂ ಆಳದ ಕಾರಣವಿದೆ. ಮಾಲ್ಟ್ ರಸದಲ್ಲಿ ಯೀಸ್ಟ್ ಕಣಕ್ಕೆ ಗಂಡುಹೆಣ್ಣಿನ ಕೂಡಾಟವಿಲ್ಲ. ಒಂದು ಕಣದ ಮೈಮೇಲೆ ಮೊಗ್ಗು ಮೂಡಿ, ದೊಡ್ಡದಾಗಿ, ಕಳಚಿ ಇನ್ನೊಂದು ಕಣವಾಗುತ್ತದೆ. ಮಗಳು ತಾಯಿಯ ಪ್ರತಿರೂಪ. ತಳಿ ಒಡೆಯುವ ಮಾತೇ ಬರುವುದಿಲ್ಲ. ಯೀಸ್ಟ್ ಮುದಿಯಾಗುತ್ತದೆ ಎನ್ನುವವರಿಗೂ ಉತ್ತರ ಇದರಲ್ಲೇ ಇದೆ. ಒಂದೊಂದು ತಾಯಿ ಕಣ ಹೆಚ್ಚೆಂದರೆ ಇಪ್ಪತ್ತು ಮೂವತ್ತು ಸಲ ಮೊಗ್ಗೊಡೆಯಬಹುದು, ಆಮೇಲೆ ಅದಕ್ಕೆ ವಯಸ್ಸಾಯಿತು, ನಿಜ. ಆದರೆ ಬೆಳೆಯುತ್ತಿರುವ ಯಾವ ಯೀಸ್ಟ್ ಗುಂಪನ್ನು ತೆಗೆದುಕೊಂಡರೂ ಅದರಲ್ಲಿ ಸುಮಾರು ಅರ್ಧದಷ್ಟು ಕಣಗಳು ಆಗತಾನೇ ಹುಟ್ಟಿದವು, ಕಾಲು ಭಾಗದಷ್ಟು ಒಂದೇ ಸಲ ಹೆತ್ತವು. ನಿಜವಾದ ಮುದುಕಿಯರು ಬೆರಳೆಣಿಕೆಯಷ್ಟು. ಗುಂಪು ಹತ್ತನೆಯ ಸಲ ಬಳಕೆಯಾದರೂ ಈ ಲೆಕ್ಕ ಬದಲಾಗುವುದಿಲ್ಲ.

ಹಾಗಾದರೆ ಗುಣ ಕೆಡುವುದಿಲ್ಲವೇ, ಸ್ವಲ್ಪ ಸ್ವಲ್ಪವೇ ಬದಲಾಗಿ ಕೊನೆಗೆ ಬೇರೇನೋ ಆಗಿಬಿಡುವುದಿಲ್ಲವೇ? ಈ ಪ್ರಶ್ನೆಯನ್ನು ಊಹೆಗೆ ಬಿಟ್ಟಿಲ್ಲ, ಪರೀಕ್ಷಿಸಿ ನೋಡಿದ್ದಾರೆ. ಪಾವೆಲ್ ಮತ್ತು ಡಯಾಸೆಟಿಸ್ ಎಂಬ ಇಬ್ಬರು ಸಂಶೋಧಕರು ಕಾರ್ಖಾನೆಯ ದೊಡ್ಡ ತೊಟ್ಟಿಗಳಲ್ಲಿ ಲಾಗರ್ ಯೀಸ್ಟನ್ನು 135 ಸಲದವರೆಗೆ ಒಂದರಿಂದ ಒಂದಕ್ಕೆ ದಾಟಿಸಿದ ಅಧ್ಯಯನವನ್ನು 2007ರಲ್ಲಿ ಪ್ರಕಟಿಸಿದರು. ಯೀಸ್ಟಿನ ಆನುವಂಶಿಕ ಗುರುತು ಹಾಗೆಯೇ ಇತ್ತು, ಕೆಲಸವೂ ಕುಂದಿರಲಿಲ್ಲ. ಎಲ್ಲ ತಳಿಯೂ ಇಷ್ಟು ಗಟ್ಟಿಯಿರುತ್ತದೆಂದು ಇದರಿಂದ ಹೇಳಲಾಗದು. ಉಸಿರಾಟದ ಶಕ್ತಿ ಕಳೆದುಕೊಂಡ ಕುಳ್ಳ ಕಣಗಳು ಕೆಲವು ತಳಿಗಳಲ್ಲಿ ಹೆಚ್ಚುತ್ತವೆ, ಅಂಥ ಕಡೆ ಬೇಗ ನಿಲ್ಲಿಸಬೇಕು. ಬಹಳಷ್ಟು ಕಾರ್ಖಾನೆಗಳು ಐದರಿಂದ ಹದಿನೈದು ಸಲದೊಳಗೆ ಹೊಸ ಯೀಸ್ಟಿಗೆ ಹೋಗುವುದು ಇಂಥ ಎಚ್ಚರದಿಂದಲೇ. ಆದರೆ ಐದು ಸಲ ಬಳಸಿ ಬದಲಿಸುವುದೆಲ್ಲಿ, ಒಂದು ಸಲ ಬಳಸಿ ಚೆಲ್ಲುವುದೆಲ್ಲಿ? ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಸಮರ್ಥಿಸುವುದು ಪ್ರಾಮಾಣಿಕ ವಾದವಲ್ಲ.

ಬೆಲ್ಜಿಯಂನ ಕೆವಿನ್ ವರ್‌ಸ್ಟ್ರೆಪೆನ್ ಮತ್ತು ಸ್ಟೀವನ್ ಮೇರೆ ಅವರ ತಂಡ 2016ರಲ್ಲಿ ಮುಂದಿಟ್ಟ ಸಂಗತಿ ಈ ಇಡೀ ಚರ್ಚೆಯನ್ನೇ ತಲೆಕೆಳಗು ಮಾಡುತ್ತದೆ. ಅವರು ಬಿಯರ್, ವೈನ್, ಬ್ರೆಡ್ ಮೊದಲಾದವುಗಳ 157 ಯೀಸ್ಟ್ ತಳಿಗಳ ಜೀನೋಮ್ ಓದಿದರು. ಬಿಯರ್ ಯೀಸ್ಟುಗಳು ಹಸುಎಮ್ಮೆಗಳಂತೆ ಪಳಗಿದ ಜೀವಿಗಳು ಎಂದು ತಿಳಿದುಬಂತು. ಅವು ಮಾಲ್ಟಿನಲ್ಲಿರುವ ಮಾಲ್ಟೋಟ್ರಯೋಸ್ ಎಂಬ ಸಕ್ಕರೆಯನ್ನು ಅರಗಿಸಿಕೊಳ್ಳಲು ಕಲಿತಿವೆ. ಬಿಯರಿಗೆ ಲವಂಗದಂಥ ಔಷಧಿಯ ವಾಸನೆ ತರುವ ರಾಸಾಯನಿಕವನ್ನು ಮಾಡುವ ಜೀನುಗಳು ಅವುಗಳಲ್ಲಿ ಬಹುಪಾಲು ಕೆಟ್ಟುಹೋಗಿವೆ. ಲೈಂಗಿಕ ಸಂತಾನದ ಶಕ್ತಿಯನ್ನೂ ಎಷ್ಟೋ ತಳಿಗಳು ಕಳೆದುಕೊಂಡಿವೆ. ಇದಕ್ಕೆಲ್ಲ ಕಾರಣವೇನು? ಸೂಕ್ಷ್ಮಜೀವಿ ಎಂಬುದೊಂದು ಇದೆಯೆಂದೇ ತಿಳಿಯದ ಕಾಲದಿಂದ, ಸುಮಾರು ಹದಿನಾರು ಹದಿನೇಳನೆಯ ಶತಮಾನದಿಂದ, ಬಿಯರ್ ಮಾಡುವವರು ಹಿಂದಿನ ತೊಟ್ಟಿಯ ಯೀಸ್ಟನ್ನು ಮುಂದಿನ ತೊಟ್ಟಿಗೆ ಹಾಕುತ್ತ ಬಂದದ್ದು. ಚೆನ್ನಾಗಿ ಬಂದದ್ದನ್ನು ಉಳಿಸಿದರು, ಕೆಟ್ಟದ್ದನ್ನು ಚೆಲ್ಲಿದರು. ವೈನ್ ಯೀಸ್ಟಿಗೆ ಈ ಪಳಗುವಿಕೆ ಅಷ್ಟಾಗಿ ಆಗಲಿಲ್ಲ. ದ್ರಾಕ್ಷಿ ಸುಗ್ಗಿ ವರ್ಷಕ್ಕೊಮ್ಮೆ, ಉಳಿದ ತಿಂಗಳೆಲ್ಲ ಅದು ತೋಟದ ಕಾಡುಬದುಕಿಗೆ ಮರಳುತ್ತಿತ್ತು. ಹಾಗಾಗಿ ಪುಟ್ಟ ಪ್ಯಾಕೆಟ್ಟಿನಲ್ಲಿ ಒಣಗಿಸಿ ಮಾರುವ ಬಿಯರ್ ಯೀಸ್ಟ್ ಕೂಡ ಗಷ್ಟಿನ ಮರುಬಳಕೆಯ ಸಂತಾನವೇ. ಮರುಬಳಕೆ ಗುಣ ಕೆಡಿಸುತ್ತದೆ ಎನ್ನುವವರು ಕೈಯಲ್ಲಿ ಹಿಡಿದಿರುವ ಪ್ಯಾಕೆಟ್ಟಿನ ಗುಣ ಬಂದದ್ದೇ ಮರುಬಳಕೆಯಿಂದ.

ಈ ಪಕ್ಷದವರಿಗೆ ಪ್ರಿಯವಾದ ಇನ್ನೊಂದು ಹೆಸರು ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ 1883ರಲ್ಲಿ ಒಂದೇ ಕಣದಿಂದ ಶುದ್ಧ ಯೀಸ್ಟ್ ಬೆಳೆಸಿದವನು ಆತ. ಅದಕ್ಕೆ ಮೊದಲು ಕಾರ್ಖಾನೆಯ ಬಿಯರ್ ಕಾಡು ಯೀಸ್ಟಿನ ಬೆರಕೆಯಿಂದ ಕೆಟ್ಟಿತ್ತು ಎಂಬುದೂ ನಿಜ. ಆದರೆ ಹ್ಯಾನ್ಸೆನ್ ಆ ಶುದ್ಧ ಯೀಸ್ಟನ್ನು ಬೆಳೆಸಿದ್ದು ಒಂದು ತೊಟ್ಟಿಗೆ ಹಾಕಿ ಚೆಲ್ಲುವುದಕ್ಕಲ್ಲ. ಅದರಿಂದ ಶುರುಮಾಡಿ ತೊಟ್ಟಿಯಿಂದ ತೊಟ್ಟಿಗೆ ಸಾಗಿಸಿ, ನೋಡುತ್ತ, ಬೇಕಾದಾಗ ಮೂಲದಿಂದ ಮತ್ತೆ ಎತ್ತಿಕೊಳ್ಳುವ ಕ್ರಮ ಅದು. ಆ ಕಾರ್ಖಾನೆಯ ಕತೆಯೇ ಉಳಿಸಿದ ಯೀಸ್ಟಿನ ಕತೆ. ಸ್ಥಾಪಕ ಜೆ.ಸಿ. ಯಾಕಬ್‌ಸೆನ್ 1845ರಲ್ಲಿ ಮ್ಯೂನಿಕ್ಕಿನ ಸ್ಪಾಟನ್ ಕಾರ್ಖಾನೆಯಿಂದ ಯೀಸ್ಟ್ ತಂದ. ಕೋಪನ್‌ಹೇಗನ್ನಿನವರೆಗಿನ ದಾರಿಯಲ್ಲಿ ಗಾಡಿ ನಿಂತಲ್ಲೆಲ್ಲ ಅದರ ಮೇಲೆ ತಣ್ಣೀರು ಸುರಿದು ಜೀವಂತ ಉಳಿಸಿಕೊಂಡ. ಶುದ್ಧ ಯೀಸ್ಟ್ ಸಿದ್ಧವಾದಾಗ ಅದನ್ನು ಬಚ್ಚಿಡದೆ ಕೇಳಿದವರಿಗೆಲ್ಲ ಹಂಚಲಾಯಿತು.

ಬೆಂಗಳೂರಿಗೂ ಇದೇ ಚರಿತ್ರೆ. ಬೆಂಗಳೂರು ಬ್ರೂಯಿಂಗ್ ಕಂಪನಿ 1885ರದ್ದು. 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣ ಭಾರತದ ಐದು ಬಿಯರ್ ಕಾರ್ಖಾನೆಗಳನ್ನು ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದಾಗ ಅದೂ ಒಳಗೆ ಸೇರಿತು. ಬಿಯರಿನ ಒಣ ಯೀಸ್ಟ್ ಪ್ಯಾಕೆಟ್ ಅಂಗಡಿಯಲ್ಲಿ ಸಿಗುವ ಕಾಲವಲ್ಲ ಅದು. ಬಿಯರ್ ನಡೆಯಬೇಕಾದರೆ ಯೀಸ್ಟ್ ತೊಟ್ಟಿಯಿಂದ ತೊಟ್ಟಿಗೆ ನಡೆಯಲೇಬೇಕಿತ್ತು.

ಇನ್ನು ಕೊಳಕಿನ ಪ್ರಶ್ನೆ. ಇದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಗಷ್ಟಿನಲ್ಲಿ ಹುಳಿ ಬ್ಯಾಕ್ಟೀರಿಯಾ ಸೇರಿಕೊಂಡಿದ್ದರೆ ಅದೂ ಯೀಸ್ಟಿನ ಜತೆಗೇ ಮುಂದಿನ ಬಿಯರಿಗೆ ಹೋಗುತ್ತದೆ, ಸಲದಿಂದ ಸಲಕ್ಕೆ ಹೆಚ್ಚುತ್ತದೆ. ಪಿಷ್ಟದ ತುಣುಕುಗಳನ್ನೂ ತಿನ್ನಬಲ್ಲ ಡಯಾಸ್ಟ್ಯಾಟಿಕಸ್ ಎಂಬ ಒಳನುಗ್ಗುವ ಯೀಸ್ಟ್ ಸೇರಿದರಂತೂ ತುಂಬಿಸಿಟ್ಟ ಬಾಟಲಿ ಒಡೆಯುವಷ್ಟು ಅನಿಲ ಕಟ್ಟಬಹುದು. ಆದರೆ ಈ ಕೊಳಕು ಗಷ್ಟಿನಲ್ಲಿ ಹುಟ್ಟುವುದಲ್ಲ. ಸರಿಯಾಗಿ ತೊಳೆಯದ ಕೊಳವೆ, ಮುಚ್ಚದ ಪಾತ್ರೆ, ಒದ್ದೆ ಕೈ ಇಂಥವುಗಳಿಂದ ಅದು ಬರುತ್ತದೆ. ಕೊಳವೆ ಕೊಳಕಾಗಿದ್ದರೆ ಹೊಸ ಪ್ಯಾಕೆಟ್ಟಿನ ಬಿಯರೂ ಹುಳಿಯುತ್ತದೆ. ಪ್ಯಾಕೆಟ್ಟನ್ನೇ ಶುಚಿತ್ವವೆಂದು ನಂಬಿದವನು ಕೊಳವೆ ತೊಳೆಯುವುದರಲ್ಲಿ ಸಡಿಲಾಗುತ್ತಾನೆ. ಗಷ್ಟು ಉಳಿಸಬೇಕೆಂದವನಿಗೆ ಅಂಥ ಸಡಿಲಿಕೆ ಸಾಧ್ಯವಿಲ್ಲ, ತಪ್ಪು ಮುಂದಿನ ಸಲ ತಾನಾಗಿಯೇ ಬಯಲಾಗುತ್ತದೆ.

ಉಳಿಸುವ ಕೆಲಸವೂ ದೊಡ್ಡ ವಿದ್ಯೆಯಲ್ಲ. ಬಿಯರ್ ಬಸಿದ ಮೇಲೆ ತಳದಲ್ಲಿ ಕೂತದ್ದರಲ್ಲಿ ಅಡಿಯ ಪದರದಲ್ಲಿ ಹಾಪ್ಸ್ ಚೂರು, ಹೆಪ್ಪುಗಟ್ಟಿದ ಪ್ರೋಟೀನು, ಸತ್ತ ಕಣ ಇರುತ್ತವೆ. ನಡುವಿನ ಕೆನೆಬಣ್ಣದ ಪದರವೇ ಬೇಕಾದದ್ದು. ಕುದಿಸಿ ಆರಿಸಿದ ನೀರಿನಲ್ಲಿ ಕದಡಿ ಸ್ವಲ್ಪ ಹೊತ್ತು ಬಿಟ್ಟರೆ ಭಾರದ್ದು ಕೆಳಗೆ ಹೋಗುತ್ತದೆ. ಮೇಲಿನ ಹಾಲಿನಂಥದ್ದನ್ನು ಕುದಿನೀರಿನಲ್ಲಿ ಶುದ್ಧಮಾಡಿದ ಗಾಜಿನ ಭರಣಿಗೆ ಬಗ್ಗಿಸಿ, ಮುಚ್ಚಳ ಸಡಿಲಾಗಿಟ್ಟು, ಫ್ರಿಜ್ಜಿನಲ್ಲಿ ನಾಲ್ಕು ಡಿಗ್ರಿಗಿಂತ ಕೆಳಗೆ ಇಡಬೇಕು. ಮುಚ್ಚಳ ಬಿಗಿದರೆ ಅನಿಲ ಕಟ್ಟಿ ಭರಣಿ ಸಿಡಿಯುತ್ತದೆ, ಇದರಲ್ಲಿ ಮಾತ್ರ ಉದಾಸೀನ ಕೂಡದು. ಒಂದೆರಡು ವಾರದೊಳಗೆ ಬಳಸಬೇಕು. ಒಂದು ಸಲದ ಬಿಯರಿನಲ್ಲಿ ಯೀಸ್ಟ್ ಹಾಕಿದ್ದಕ್ಕಿಂತ ಮೂರರಿಂದ ಐದು ಪಟ್ಟು ಬೆಳೆದಿರುತ್ತದೆ. ಇಪ್ಪತ್ತು ಲೀಟರಿನ ಸಾಧಾರಣ ಕಡುವಿನ ಬಿಯರಿಗೆ ಬೇಕಾಗುವುದು ಸುಮಾರು 18,000 ಕೋಟಿ ಜೀವಂತ ಕಣ, ಗಟ್ಟಿ ಗಷ್ಟಿನ ಲೆಕ್ಕದಲ್ಲಿ ಒಂದು ಸಣ್ಣ ಲೋಟದಷ್ಟು. ತಿಳಿ ಬಿಯರಿನ ಗಷ್ಟನ್ನು ಕಪ್ಪು ಬಿಯರಿಗೆ ಹಾಕಬಹುದು, ಕಪ್ಪಿನದನ್ನು ತಿಳಿಗೆ ಬೇಡ. ವಿಪರೀತ ಮದ್ಯಾಂಶದ ಬಿಯರಿನಿಂದ ತೆಗೆದ ಯೀಸ್ಟ್ ಸೋತುಹೋಗಿರುತ್ತದೆ, ಅದನ್ನು ಬಿಟ್ಟುಬಿಡಬೇಕು. ಎಲ್ಲಕ್ಕಿಂತ ಮೊದಲು, ಹಿಂದಿನ ಬಿಯರಿನ ರುಚಿ ನೋಡಬೇಕು. ಅದು ಹುಳಿಯಾಗಿದ್ದರೆ, ಸುಟ್ಟ ರಬ್ಬರಿನ ವಾಸನೆ ಬಂದರೆ ಆ ಗಷ್ಟು ಚೆಲ್ಲಲಿಕ್ಕೇ ಲಾಯಕ್ಕು.

ಸೂಕ್ಷ್ಮದರ್ಶಕ ಇದ್ದರೆ ಇನ್ನೂ ಒಳ್ಳೆಯದು. ಮೆಥಿಲೀನ್ ನೀಲಿ ಎಂಬ ಬಣ್ಣದ ಹನಿ ಬೆರೆಸಿದರೆ ಸತ್ತ ಕಣ ನೀಲಿಯಾಗುತ್ತದೆ, ಬದುಕಿರುವುದು ಬಣ್ಣ ಹಿಡಿಯುವುದಿಲ್ಲ. ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಬಿಳಿಯಾಗಿ ಉಳಿದರೆ ಯೀಸ್ಟ್ ಗಟ್ಟಿಮುಟ್ಟಾಗಿದೆ ಎಂದರ್ಥ. ಬ್ಯಾಕ್ಟೀರಿಯಾದ ಶಂಕೆಯಿದ್ದರೆ ಕಾರ್ಖಾನೆಗಳು ಯೀಸ್ಟನ್ನು ತಣ್ಣಗಿನ ಫಾಸ್ಫಾರಿಕ್ ಆಮ್ಲದಲ್ಲಿ, ಪಿಎಚ್ 2.2ರ ಸುಮಾರಿಗೆ ಇಳಿಸಿ, ಒಂದೆರಡು ಗಂಟೆ ತೊಳೆಯುತ್ತವೆ. ಬ್ಯಾಕ್ಟೀರಿಯಾ ಸಾಯುತ್ತದೆ, ಯೀಸ್ಟ್ ತಾಳಿಕೊಳ್ಳುತ್ತದೆ. ಮಾಗಡಿಯ ಬಿತ್ತನೆ ಗೂಡಿಗೆ ಸಲ್ಲುವ ಶ್ರಮದಷ್ಟನ್ನೂ ಇದು ಕೇಳುವುದಿಲ್ಲ.

ಈ ಸೀಮೆಯ ಜನಕ್ಕೆ ಹಿಂದಿನದರಿಂದ ಮುಂದಿನದನ್ನು ಎಬ್ಬಿಸುವುದು ಹೊಸದೂ ಅಲ್ಲ. ಮನೆಯಲ್ಲಿ ಮೊಸರು ಮುಗಿದುಹೋದ ಸಂಜೆ ಪಕ್ಕದ ಮನೆಯ ಬಾಗಿಲಲ್ಲಿ ನಿಂತು “ಅಕ್ಕಾ, ಚೂರು ಹೆಪ್ಪಿದ್ರೆ ಕೊಡಕ್ಕಾ” ಎಂದು ಕೇಳದ ಮನೆ ಕನಕಪುರ, ಚನ್ನಪಟ್ಟಣದ ಹಳ್ಳಿಗಳಲ್ಲಿ ಇರಲಾರದು. ನಾರ್ವೆಯ ಹಳ್ಳಿಗಳಲ್ಲಿ ಕ್ವೈಕ್ ಎಂಬ ಬಿಯರ್ ಯೀಸ್ಟನ್ನು ಮರದ ಬಳೆಗಳ ಮೇಲೆ ಒಣಗಿಸಿಟ್ಟು, ತಮ್ಮದು ಕೆಟ್ಟರೆ ನೆರೆಮನೆಯಿಂದ ಕೇಳಿ ತರುತ್ತಿದ್ದದ್ದೂ ಇದೇ ನೆರೆಹೊರೆಯ ಕ್ರಮ. ಆ ಯೀಸ್ಟು ಯಾವ ಕಂಪನಿಯ ಕೈಗೂ ಸಿಗದೆ ರೈತರ ಮನೆಗಳಲ್ಲೇ ತಲೆಮಾರುಗಟ್ಟಲೆ ಉಳಿಯಿತು. 2018ರಲ್ಲಿ ಪ್ರಕಟವಾದ ಅಧ್ಯಯನ ಅದು ಪಳಗಿದ ಬಿಯರ್ ಯೀಸ್ಟಿನದೇ ಬೇರೆ ಗುಂಪು, ನಲವತ್ತು ಡಿಗ್ರಿಯ ಬಿಸಿಯನ್ನೂ ತಾಳಬಲ್ಲದು ಎಂದು ತೋರಿಸಿತು. ಮಾಮೂಲಿ ಏಲ್ ಯೀಸ್ಟಿಗೆ ಇಪ್ಪತ್ತರ ಆಸುಪಾಸು ಹಿತ. ರಾಮನಗರದ ಬಂಡೆ ಕಾಯುವ ಏಪ್ರಿಲ್ಲಿನಲ್ಲಿ ಯಾವುದು ಹೆಚ್ಚು ಉಪಯೋಗಕ್ಕೆ ಬರುತ್ತದೆಂದು ಹೇಳಬೇಕಿಲ್ಲ.

ಹಿಟ್ಟಿನ ವಿಷಯದಲ್ಲಿ ಸತ್ಯ ಸ್ವಲ್ಪ ಸಂಕೀರ್ಣ, ಅದನ್ನು ಇದ್ದಂತೆಯೇ ಹೇಳಬೇಕು. ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಯೀಸ್ಟಲ್ಲ. 1965ರಲ್ಲಿ ಮುಖರ್ಜಿ, ಸ್ಟೈನ್‌ಕ್ರಾಸ್ ಮೊದಲಾದವರು ಅದು ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾದ ಕೆಲಸವೆಂದೂ ಆ ಬ್ಯಾಕ್ಟೀರಿಯಾ ಬೇಳೆಯ ಜತೆಗೇ ಬರುತ್ತದೆಂದೂ ತೋರಿಸಿದರು. ಹಾಗಾಗಿ ಬಿಡದಿಯ ತಟ್ಟೆ ಇಡ್ಲಿಯ ಹಿಟ್ಟು ಹಳೆಯ ಹಿಟ್ಟಿಲ್ಲದೆಯೂ ರಾತ್ರಿ ಕಳೆಯುವುದರಲ್ಲಿ ಉಬ್ಬಬಲ್ಲದು. ಹಳೆಯದನ್ನು ಒಂದು ಸೌಟು ಬೆರೆಸಿದರೆ ಮಾಗಿಯ ಚಳಿಯಲ್ಲಿ ಬೇಗ ಏಳುತ್ತದೆ, ಅಷ್ಟೆ. ಆದರೆ ಹಿಂದಿನದನ್ನು ಬೆರೆಸುವ ರೂಢಿ ಕನ್ನಡದಲ್ಲಿ ಎಷ್ಟು ಹಳೆಯದು! ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ಅರೆದು, ಮೊಸರಿನ ತಿಳಿನೀರು ಬೆರೆಸುವ ವಿಧಾನವಿದೆ. ಮಜ್ಜಿಗೆಯೂ ಮೊಸರಿನ ತಿಳಿಯೂ ಹಿಂದಿನ ಸಲದ ಜೀವಿಗಳಿಂದ ತುಂಬಿದ ನೀರೇ. ಸಾವಿರ ವರ್ಷದ ಹಿಂದೆ ಬರೆದಿಟ್ಟ ಪಾಕವನ್ನು ಇವತ್ತು ಅಶುದ್ಧವೆಂದು ತಳ್ಳುವವರು ತಮ್ಮ ಭಯಕ್ಕೆ ಸಾಕ್ಷ್ಯ ಕೊಡಬೇಕು.

ಡೇರಿಗಳು ಮೊಸರಿಗೆ ಪ್ರತಿ ಸಲವೂ ಪ್ರಯೋಗಾಲಯದ ಹೆಪ್ಪನ್ನೇ ಬಳಸುತ್ತವಲ್ಲ, ಅವರಿಗೆ ಗೊತ್ತಿಲ್ಲದ್ದೇ ಎಂದು ಕೆಲವರು ಕೇಳುತ್ತಾರೆ. ಗೊತ್ತಿದೆ, ಅವರ ಕಾರಣವೇ ಬೇರೆ. ಹಾಲಿನ ಬ್ಯಾಕ್ಟೀರಿಯಾವನ್ನು ಫೇಜ್ ಎಂಬ ವೈರಸ್ ತಿಂದುಹಾಕುತ್ತದೆ. ಸಾವಿರಾರು ಲೀಟರ್ ಹಾಲಿನಲ್ಲಿ ಒಂದೇ ಹೆಪ್ಪನ್ನು ಮತ್ತೆ ಮತ್ತೆ ಓಡಿಸಿದರೆ ಆ ವೈರಸ್ ಬೆಳೆದು ಒಂದು ದಿನ ಹಾಲು ಹೆಪ್ಪಾಗುವುದೇ ಇಲ್ಲ. ಹೊರಗಿನಿಂದ ಬಂದು ಯೀಸ್ಟನ್ನು ಒಡೆದು ಕೊಲ್ಲುವ ಅಂಥ ಸೋಂಕು ವೈರಸ್ ಬಿಯರಿನಲ್ಲಿಲ್ಲ. ಹಾಲಿನ ನಿಯಮವನ್ನು ಮಾಲ್ಟಿಗೆ ಹೇರುವುದು ಹೈಬ್ರಿಡ್ ಹುಳುವಿನ ನಿಯಮವನ್ನು ಹೇರಿದಷ್ಟೇ ತಪ್ಪು.

ಪ್ಯಾಕೆಟ್ ಎಂದರೆ ತಾಜಾ ಎಂಬ ಭ್ರಮೆಯೂ ಒಂದಿದೆ. ದ್ರವರೂಪದ ಯೀಸ್ಟ್ ಹೊರದೇಶದಿಂದ ಬರುವಾಗ ವಿಮಾನ ನಿಲ್ದಾಣದ ಗೋದಾಮು, ಕೊರಿಯರ್ ವ್ಯಾನಿನ ಬಿಸಿ ಎಲ್ಲವನ್ನೂ ದಾಟಿ ಬರಬೇಕು; ಶೈತ್ಯ ಒಂದು ಕಡೆ ತಪ್ಪಿದರೂ ಕಣಗಳು ಸಾಯತೊಡಗುತ್ತವೆ. ಒಣ ಯೀಸ್ಟ್ ಇದಕ್ಕಿಂತ ಗಟ್ಟಿ, ಆದರೂ ನೀರು ಕುಡಿದು ಎಚ್ಚರಾಗುವಷ್ಟರಲ್ಲಿ ಒಂದಷ್ಟು ಕಣ ಹೋಗಿರುತ್ತವೆ. ಮೊನ್ನೆ ಮುಗಿದ ತೊಟ್ಟಿಯಿಂದ ತೆಗೆದ ಗಷ್ಟು ಇವೆರಡಕ್ಕಿಂತಲೂ ಚುರುಕಾಗಿ, ಆ ನೀರಿಗೂ ಆ ಮಾಲ್ಟಿಗೂ ಒಗ್ಗಿಕೊಂಡು ಕೂತಿರುತ್ತದೆ. ಎರಡನೆಯ ಮೂರನೆಯ ಸಲದ ಬಿಯರ್ ಮೊದಲನೆಯದಕ್ಕಿಂತ ಬೇಗ ಶುರುವಾಗಿ ಚೊಕ್ಕವಾಗಿ ಮುಗಿಯುತ್ತದೆ ಎಂಬುದು ವೃತ್ತಿಯಲ್ಲಿರುವವರಿಗೆ ಗೊತ್ತಿರುವ ಮಾತು.

ಚೆಲ್ಲಿದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ರಾಮನಗರದವರು ಕೇಳಲೇಬೇಕು. ಬಿಯರ್ ಯೀಸ್ಟಿನ ಗಷ್ಟು ನೀರಿಗೆ ಬಿದ್ದರೆ ಅದನ್ನು ಕೊಳೆಸಲು ಬೇಕಾಗುವ ಆಮ್ಲಜನಕ ಲೀಟರಿಗೆ ಒಂದು ಲಕ್ಷ ಮಿಲಿಗ್ರಾಂ ಮೀರುತ್ತದೆ. ಮನೆಗಳ ಚರಂಡಿ ನೀರಿನಲ್ಲಿ ಇದು ಕೆಲವು ನೂರು ಮಿಲಿಗ್ರಾಂ ಮಾತ್ರ. ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆ ವೃಷಭಾವತಿಗೆ ಸೇರಿ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬರುತ್ತದೆ. ಆ ಕೆರೆಯ ನೊರೆ, ಆ ನಾತ, ಅದರ ನೀರು ಕಟ್ಟಿದ ಹೊಲಗಳ ಪಾಡು ಈ ಜಿಲ್ಲೆಗೆ ಹೊಸ ಸುದ್ದಿಯಲ್ಲ. ಬಿಯರಿನ ಪಾಲು ಅದರಲ್ಲಿ ಸಣ್ಣದೇ ಇರಬಹುದು. ಆದರೂ ಇನ್ನೊಂದು ತೊಟ್ಟಿಗೆ, ಇಲ್ಲವೇ ದನದ ಮೇವಿಗೆ ಹೋಗಬಹುದಾದ ಜೀವಂತ ಸಾರವನ್ನು ಅಂಥ ನೀರಿಗೆ ಬಿಡುವ ಅಭ್ಯಾಸವನ್ನು ಶುಚಿತ್ವ ಎಂದು ಕರೆಯಲಾಗದು.

ಹೀಗೆ ಉಳಿಸಿಕೊಳ್ಳದೆ ಆಗಲೇ ಕಳೆದುಕೊಂಡದ್ದು ಇನ್ನೊಂದಿದೆ. ಮಾಗಡಿ, ಚನ್ನಪಟ್ಟಣ ಕಡೆಯ ಹಳ್ಳ, ಕೆರೆಯ ಹಿಂಬದಿಗಳಲ್ಲಿ ಈಚಲು ಮರಗಳು ಇನ್ನೂ ಇವೆ. ಹಳೆಯ ಮೈಸೂರಿನ ಕಂದಾಯ ದಾಖಲೆಗಳಲ್ಲಿ ಸೇಂದಿವನ ಎಂದೇ ಜಮೀನುಗಳ ಹೆಸರಿದೆ. ಈಡಿಗರು ಮರಕ್ಕೆ ಕಟ್ಟುತ್ತಿದ್ದ ಮಡಕೆ ಒಂದು ಬಗೆಯ ಯೀಸ್ಟ್ ಭಂಡಾರವೇ ಆಗಿತ್ತು. ಹೆಂಡ ಬೇಕಾದರೆ ಮಡಕೆಯನ್ನು ಉಜ್ಜಿ ತೊಳೆಯುತ್ತಿರಲಿಲ್ಲ, ಗೋಡೆಗಂಟಿದ ಜೀವಿಗಳು ಹೊಸ ರಸವನ್ನು ಕೆಲವೇ ಗಂಟೆಯಲ್ಲಿ ಎಬ್ಬಿಸುತ್ತಿದ್ದವು. ಸಿಹಿಯಾದ ನೀರಾ ಬೇಕಾದರೆ ಮಡಕೆಯೊಳಗೆ ಸುಣ್ಣ ಬಳಿಯುತ್ತಿದ್ದರು. ಹುದುಗಿಸುವ ಶಕ್ತಿ ಎಲ್ಲಿ ಕೂತಿದೆ, ಅದನ್ನು ಉಳಿಸುವುದು ಹೇಗೆ, ತಡೆಯುವುದು ಹೇಗೆ ಎರಡೂ ಗೊತ್ತಿದ್ದ ಕೈಗಳು ಅವು. ಕರಾವಳಿಯನ್ನು ಬಿಟ್ಟರೆ ರಾಜ್ಯದ ಒಳನಾಡಿನಲ್ಲಿ ಹೆಂಡ ಇಳಿಸುವುದು ನಿಂತಿದೆ. ಸಾರಾಯಿ 2007ರ ಜುಲೈ 1ರಿಂದ ಹೋಯಿತು. ಕುಡಿತದಿಂದ ಹಾಳಾದ ಮನೆಗಳನ್ನು ನೆನೆದರೆ ಸಾರಾಯಿಗಾಗಿ ಯಾರೂ ಮರುಗಬೇಕಿಲ್ಲ. ಆದರೆ ಈ ಬಯಲುಸೀಮೆಯ ಬಿಸಿಲಿಗೆ ಒಗ್ಗಿದ್ದ ಮಡಕೆಯ ಯೀಸ್ಟು ಕುಡಿತದ ಜತೆಗೇ ಹೋಗಬೇಕಾಗಿರಲಿಲ್ಲ. ನಾರ್ವೆಯ ರೈತರ ಮರದ ಬಳೆಯಲ್ಲಿ ಉಳಿದಂಥದ್ದು ಇಲ್ಲಿಯೂ ಒಂದು ಗಾಜಿನ ಕೊಳವೆಯಲ್ಲಿ ಉಳಿಯಬಹುದಿತ್ತು.

ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಶೇಂದಿ ಇಳಿಸುವ ಮೂರ್ತೆದಾರರು ಇವತ್ತಿಗೂ ಮರ ಹತ್ತುತ್ತಾರೆ; ಆ ಕಡೆಯ ಕ್ರೈಸ್ತರ, ಕೊಂಕಣಿಗರ ಕೆಲವು ಮನೆಗಳಲ್ಲಿ ಸಾನ್ನಾ ಹಿಟ್ಟು ಈಗಲೂ ಶೇಂದಿಯಿಂದ ಉಬ್ಬುತ್ತದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಕೈಗಾರಿಕಾ ಸೂಕ್ಷ್ಮಜೀವಿಗಳ ಸಂಗ್ರಹವಿದೆ, ಚಂಡೀಗಢದಲ್ಲೂ ಅಂಥದ್ದೊಂದಿದೆ. ಬೆಂಗಳೂರಿನ ಮೈಕ್ರೋಬ್ರೂವರಿಗಳು, ಕೃಷಿ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಭಾಗದವರು, ಕರಾವಳಿಯ ಕಾಲೇಜುಗಳವರು ಕೂಡಿ ಆ ಮೂರ್ತೆದಾರರ ಮಡಕೆಗಳ ಗಷ್ಟನ್ನು ಈಗಲೇ ಸಂಗ್ರಹಿಸಬೇಕು. ಒಳಗಿರುವುದನ್ನು ಬೇರ್ಪಡಿಸಿ, ಹೆಸರಿಟ್ಟು, ಕೇಳಿದವರಿಗೆ ಕೊಡುವ ವ್ಯವಸ್ಥೆ ಮಾಡಬೇಕು. ಅದರ ಜತೆಗೆ ಪ್ರತಿ ಮೈಕ್ರೋಬ್ರೂವರಿಯೂ ಒಂದು ಸೂಕ್ಷ್ಮದರ್ಶಕ ಇಟ್ಟುಕೊಂಡು, ಯಾವ ಯೀಸ್ಟ್ ಎಷ್ಟನೆಯ ಸಲ ಓಡುತ್ತಿದೆ ಎಂದು ದಪ್ಪ ಪುಸ್ತಕದಲ್ಲಿ ಬರೆಯುವುದನ್ನು ಶುರುಮಾಡಬೇಕು. ಹೊರದೇಶದಲ್ಲಿ ಮನೆಯಲ್ಲೇ ಬಿಯರ್ ಮಾಡುವ ಕನ್ನಡಿಗರಂತೂ ಇದಕ್ಕೆ ಯಾರ ಅಪ್ಪಣೆಗೂ ಕಾಯಬೇಕಿಲ್ಲ, ಮುಂದಿನ ಸಲ ಬಿಯರ್ ಬಸಿಯುವ ಮುನ್ನ ಒಂದು ಭರಣಿಯನ್ನು ಕುದಿನೀರಿನಲ್ಲಿ ಹಾಕಿಟ್ಟುಕೊಂಡರೆ ಆಯಿತು.